ಆರು ದಿನ, ಒಂದೇ ದ್ರಾಕ್ಷಿ: ಬರ್ಗಂಡಿಯಲ್ಲಿ ನಾನು ವೈನ್ ಕಲಿತದ್ದು

ನಮ್ಮದು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವ ಮನೆ. ಕಲ್ಲುಕಂಬ, ತಂತಿ ಚಪ್ಪರ, ಬೋರ್‌ವೆಲ್ ನೀರು, ಬೆಂಗಳೂರು ಬ್ಲೂ. ಹಾಗಾಗಿ ಫ್ರಾನ್ಸಿನ ಬರ್ಗಂಡಿಗೆ ಹೊರಟಾಗ, ದ್ರಾಕ್ಷಿ ನನಗೇನು ಹೊಸದಾ ಎಂಬ ಜಂಬ ಇತ್ತು. ಮೊದಲ ದಿನವೇ ಅದು ಇಳಿಯಿತು.

ಜೂನ್ ತಿಂಗಳು. ಬೋನ್ ಎಂಬ ಸಣ್ಣ ಊರಿನಲ್ಲಿ ಉಳಿದುಕೊಂಡೆ. ಸಂಜೆ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ಏಳು ಬಗೆಯ ವೈನ್ ರುಚಿಗೆ ಕೊಟ್ಟರು. ದುಡ್ಡು ಕೊಟ್ಟಾಗಿದೆ, ಬಿಡುವುದುಂಟೇ? ಏಳನ್ನೂ ನುಂಗಿದೆ. ಐದನೆಯದರ ಹೊತ್ತಿಗೆ ಎಲ್ಲಾ ಒಂದೇ ರುಚಿ. ಬರೆದುಕೊಂಡದ್ದು ಮಾರನೇ ದಿನ ನನಗೇ ಓದಲಾಗಲಿಲ್ಲ.

ತಲೆಗೇರದಿರಲಿ ಎಂದು ರುಚಿ ನೋಡಿ ಉಗುಳಲೆಂದೇ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ. ಎಲೆ ಅಡಿಕೆ ಹಾಕುವ ಮನೆಯಲ್ಲಿ ಬೆಳೆದವನಿಗೆ ಉಗುಳುವುದೇನು ಕಷ್ಟ? ಅಷ್ಟು ಬೆಲೆಯದನ್ನು ಉಗುಳುವುದು ಕಷ್ಟ! ಎರಡನೇ ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡು ಉಗುಳಿದೆ.

ಕಲಿಯುವವರಿಗೆ ಬರ್ಗಂಡಿಯಲ್ಲಿ ಒಂದು ಅನುಕೂಲ ಇದೆ. ಕೆಂಪು ವೈನ್ ಬಹುಪಾಲು ಪಿನೋ ನ್ವಾರ್ ದ್ರಾಕ್ಷಿಯದು, ಬಿಳಿ ಬಹುಪಾಲು ಶಾರ್ಡನೇ. ಬಾಟಲಿ ಮೇಲೆ ಹೆಚ್ಚಾಗಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ, ಊರಿನ ಹೆಸರು ಇರುತ್ತದೆ. ಬರೀ ಬರ್ಗಂಡಿ ಎಂದಿದ್ದರೆ ದರ್ಜೆಯಲ್ಲಿ ಕೆಳಗಿನ ಮೆಟ್ಟಿಲು. ಅದರ ಮೇಲೆ ಊರಿನ ವೈನ್, ಆಮೇಲೆ ಪ್ರೀಮಿಯೆ ಕ್ರೂ, ಅಂದರೆ ಮೇಲ್ದರ್ಜೆಯ ತೋಟದ್ದು, ತುದಿಯಲ್ಲಿ ಗ್ರಾಂ ಕ್ರೂ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ತೋಟದ್ದು. ನಾನು ಕೆಂಪನ್ನಷ್ಟೇ ಹಿಡಿದೆ. ಕೆಳಗಿನ ಮೆಟ್ಟಿಲಿಂದ ಶುರು ಮಾಡಿದೆ.

ಬಾಡಿಗೆ ಸೈಕಲ್ ತಗೊಂಡು ತೋಟಗಳ ನಡುವಿನ ದಾರಿಯಲ್ಲಿ ಪೊಮಾರ್‌ಗೆ, ಅಲ್ಲಿಂದ ವೊಲ್ನೇಗೆ ಹೋದೆ. ಎರಡೂ ಅಕ್ಕಪಕ್ಕದ ಊರು, ಒಂದೇ ದ್ರಾಕ್ಷಿ. ಪೊಮಾರ್‌ನದು ಬಾಯಿ ಹಿಡಿಯಿತು. ವೊಲ್ನೇದು ಮೆತ್ತಗೆ ಜಾರಿತು. ಪೊಮಾರ್‌ನಲ್ಲಿ ಜೇಡಿ ಜಾಸ್ತಿ, ವೊಲ್ನೇಯಲ್ಲಿ ಸುಣ್ಣಕಲ್ಲು ಜಾಸ್ತಿ. ಇದನ್ನು ಓದಿದ್ದೆ. ಎರಡು ಲೋಟ ಪಕ್ಕಪಕ್ಕ ಇಟ್ಟುಕೊಂಡಾಗಲೇ ಅರ್ಥವಾದದ್ದು.

ಆ ಬಾಯಿ ಹಿಡಿಯುವ ಗುಣಕ್ಕೆ ಅವರು ಟ್ಯಾನಿನ್ ಅನ್ನುತ್ತಾರೆ. ನಮಗೆ ಅದು ಒಗರು ಅಲ್ವಾ? ನೇರಳೆ ಹಣ್ಣು ತಿಂದಾಗ ನಾಲಿಗೆ ಒರಟಾಗುತ್ತಲ್ಲ, ಅದೇ. ವೈನಿನ ವಾಸನೆಗೆ ಅಲ್ಲಿಯವರು ರಾಸ್ಪ್‌ಬೆರಿ, ವಯೊಲೆಟ್ ಹೂವು ಎಂದೆಲ್ಲಾ ಹೇಳುತ್ತಿದ್ದರು. ಆ ಹೂವನ್ನು ನಾನು ಕಂಡೇ ಇಲ್ಲ. ಸುಮ್ನೆ ತಲೆಯಾಡಿಸುವುದನ್ನು ಬಿಟ್ಟು ನನ್ನ ಪುಸ್ತಕದಲ್ಲಿ ನನ್ನ ಮಾತೇ ಬರೆದೆ: ಲವಂಗ, ಅಣಬೆ, ಮೊದಲ ಮಳೆ ಬಿದ್ದ ಮಣ್ಣು. ಲವಂಗದ ವಾಸನೆ ಬರುವುದು ವೈನ್ ತುಂಬಿಡುವ ಓಕ್ ಮರದ ಪೀಪಾಯಿಯಿಂದ ಎಂದು ಆಮೇಲೆ ಗೊತ್ತಾಯಿತು.

ತೋಟವಂತೂ ನಮ್ಮದಕ್ಕೆ ಪೂರಾ ಉಲ್ಟಾ. ಬಳ್ಳಿ ಸೊಂಟದೆತ್ತರ, ಚಪ್ಪರವಿಲ್ಲ. ಹೆಕ್ಟೇರಿಗೆ ಸುಮಾರು 10,000 ಬಳ್ಳಿ. ನೀರು ಹಾಯಿಸುವುದಿಲ್ಲ. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ ನಂಬಲೇ ಇಲ್ಲ. "ನೀರೇ ಬಿಡ್ದೆ ಹೆಂಗೋ ಬೆಳೀತಾರೆ? ಎಕರೆಗೆ ಎಷ್ಟು ಟನ್ನು?" ಬೇಕೆಂದೇ ಕಮ್ಮಿ ಬೆಳೆಯುತ್ತಾರೆ, ಇಷ್ಟೇ ಎಂದು ಕಾನೂನು ಇದೆ ಎಂದೆ. "ಬೆಳೆ ಕಮ್ಮಿ ಮಾಡೋಕೂ ಕಾನೂನಾ!" ಎಂದು ನಕ್ಕರು.

ಐದನೇ ದಿನ ಕ್ಲೋ ದ ವೂಜೊ ನೋಡಿದೆ. ಸಿಸ್ಟೆರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಗೋಡೆ ಕಟ್ಟಿದ ತೋಟ, ಸುಮಾರು 50 ಹೆಕ್ಟೇರ್. ಫ್ರೆಂಚ್ ಕ್ರಾಂತಿಯಲ್ಲಿ ಅದು ಮಠದ ಕೈತಪ್ಪಿತು. ಆಮೇಲೆ ಮಾರಾಟ, ಮಕ್ಕಳಿಗೆಲ್ಲ ಸಮಪಾಲು ಎಂಬ ಕಾನೂನು, ಹೀಗೆ ಒಡೆದು ಒಡೆದು ಇವತ್ತು ಸುಮಾರು 80 ಜನ ಒಡೆಯರು. ಕೆಲವರಿಗೆ ನಾಲ್ಕಾರು ಸಾಲು ಬಳ್ಳಿಯಷ್ಟೇ. ಪಹಣಿಯ ಹಿಸ್ಸಾ ನಂಬರ್ ನೋಡಿ ಬೆಳೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ತೋಟದ ಅಂಚಿನಲ್ಲೇ ಕೆಳಗಿನ ಹೆದ್ದಾರಿಯಿಂದ ಮೇಲಕ್ಕೆ ನಡೆದೆ. ಕೆಳಗೆ ಮಣ್ಣು ದಪ್ಪ, ನೀರು ಹಿಡಿಯುತ್ತದೆ. ಮೇಲಕ್ಕೆ ಹೋದಂತೆ ಮಣ್ಣು ತೆಳು, ಕಲ್ಲು, ನೀರು ಬೇಗ ಬಸಿಯುತ್ತದೆ. ಒಳ್ಳೆಯ ವೈನ್ ಮೇಲಿನದು ಅನ್ನುತ್ತಾರೆ. ನಮ್ಮೂರಲ್ಲಾದರೆ ಆ ಕೆಳಗಿನ ಮಣ್ಣಿಗೇ ಜಾಸ್ತಿ ಬೆಲೆ! ಆದರೆ ಗೋಡೆಯೊಳಗೆ ಇರುವುದಕ್ಕೆಲ್ಲಾ ಗ್ರಾಂ ಕ್ರೂ ಹೆಸರೇ. ಅಂದರೆ ಇಲ್ಲಿ ಬಾಟಲಿ ಮೇಲಿನ ದೊಡ್ಡ ಅಕ್ಷರ ನೋಡಿದರೆ ಸಾಲದು, ಬೆಳೆದವರು ಯಾರು, ಅವರ ಸಾಲು ಎಲ್ಲಿದೆ ಎಂದು ಕೇಳಬೇಕು.

ಕೊನೇ ದಿನ ಆ ಗೋಡೆಯೊಳಗಿನ ಇಬ್ಬರು ಬೆಳೆಗಾರರ ವೈನ್ ಪಕ್ಕಪಕ್ಕ ಇಟ್ಟು ರುಚಿ ನೋಡಿದೆ. ಯಾವುದು ಮೇಲಿನದು, ಯಾವುದು ಕೆಳಗಿನದು? ತಪ್ಪು ಹೇಳಿದೆ. ಪೊಮಾರ್ ಯಾವುದು, ವೊಲ್ನೇ ಯಾವುದು ಎಂದು ಮಾತ್ರ ಈಗ ಕಣ್ಣು ಮುಚ್ಚಿಯೂ ಹೇಳುತ್ತೇನೆ, ಹತ್ತರಲ್ಲಿ ಏಳು ಸಲ.