ಮುಲುಂಡಿನ ಕೆಂಪು ಚುಕ್ಕಿ

ಕ್ರಿಮಿನಾಲಜಿ ಓದಿದ್ದೇನೆ ಅಂದರೆ ಊರಲ್ಲಿ ‘ಪೊಲೀಸಾ?’ ಅಂತ ಕೇಳುತ್ತಾರೆ. ಕಳ್ಳನನ್ನು ಹಿಡಿಯುವವರು ಬೇರೆ. ನಾನು ನೋಡುವುದು ಕಳವು ಎಲ್ಲಿ, ಯಾವ ಹೊತ್ತಿಗೆ ಮತ್ತೆ ಮತ್ತೆ ಆಗುತ್ತದೆ ಅಂತ.

ಮುಂಬೈ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ (ಟಿಸ್) ಓದು ಮುಗಿಸಿ ಮೊದಲು ಹಿಡಿದದ್ದು ಲೋಕಲ್ ಟ್ರೇನಿನ ಮೊಬೈಲ್ ಕಳವು. ದೂರುಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ, ನಕ್ಷೆಯ ಮೇಲೆ ಚುಕ್ಕಿ ಇಟ್ಟೆ. ಚುಕ್ಕಿ ಹೆಚ್ಚು ಬಿದ್ದು ಮುಲುಂಡ್ ಕೆಂಪಾಯಿತು. ಖುಷಿಯಿಂದ ಅಪ್ಪನಿಗೆ ತೋರಿಸಿದೆ. ಮಾಟುಂಗದ ಹೋಟೆಲಿನ ಗಲ್ಲೆಯಲ್ಲಿ ಮೂವತ್ತು ವರ್ಷ ಕೂತವರು.

“ಅಲ್ಲ ಮಾರಾಯ್ತಿ, ಕದ್ದದ್ದು ಮುಲುಂಡಿನಲ್ಲೇ ಅಂತ ಯಾರು ಹೇಳಿದ್ದು? ಅಲ್ಲಿ ಇಳಿದು ಕಿಸೆ ಮುಟ್ಟಿ ನೋಡಿರ್ತಾರೆ, ಅಷ್ಟೇ.”

ನಾಲ್ಕು ತಿಂಗಳ ಕೆಲಸ ಮಗುಚಿತು.

ಮತ್ತೆ ಶುರು ಮಾಡಿದೆ. ದಾದರಿನಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಟ್ರೇನ್ ಹತ್ತಿ ಮುಲುಂಡಿನಲ್ಲಿ ಇಳಿದರೆ ನಡುವೆ 10 ತುಂಡು ದಾರಿ. ಕಳವನ್ನು ಒಂದೇ ಸ್ಟೇಷನ್ನಿಗೆ ಅಂಟಿಸದೆ ಪ್ರತಿ ತುಂಡಿಗೂ ಹತ್ತರಲ್ಲಿ ಒಂದು ಪಾಲು ಹಂಚಿದೆ. ಫಾಸ್ಟ್ ಟ್ರೇನಿಗೆ ಬೇರೆ ಲೆಕ್ಕ. ಎಲ್ಲ ಕೂಡಿಸಿದಾಗ ಕೆಂಪು ಕುರ್ಲಾ ಕಡೆ ಸರಿಯಿತು. ಆದರೆ ಇದರಲ್ಲೂ ಒಂದು ಮೋಸವಿದೆ. ಎಲ್ಲರ ದಾರಿಯೂ ಹಾದುಹೋಗುವ ನಡುಭಾಗಕ್ಕೆ ಸುಮ್ನೆ ಪಾಲು ಜಾಸ್ತಿ ಬೀಳುತ್ತದೆ. ಹೋಗಿ ನಿಂತೇ ನೋಡಬೇಕು.

ಹಾಗಾಗಿ ಸಂಜೆ ಆರರಿಂದ ಎಂಟರವರೆಗೆ ಕುರ್ಲಾ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಅಪರಾಧದ ಬಗ್ಗೆ ಕೋಹೆನ್ ಮತ್ತು ಫೆಲ್ಸನ್ ಎಂಬ ಸಂಶೋಧಕರು 1979ರಲ್ಲಿ ಬರೆದದ್ದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ: ಕದಿಯುವ ಮನಸ್ಸಿನವನು, ಕದಿಯಬಹುದಾದ ವಸ್ತು, ಕಾವಲಿಲ್ಲದ ಗಳಿಗೆ, ಈ ಮೂರೂ ಒಂದೆಡೆ ಸೇರಬೇಕು. ಕಾವಲು ಅಂದರೆ ಪೊಲೀಸ್ ಅಂದುಕೊಂಡಿದ್ದೆ. ಟ್ರೇನ್ ಹತ್ತುವಾಗ ಗಂಡಸರು ಎರಡೂ ಕೈಯಿಂದ ಬಾಗಿಲ ಕಂಬಿ ಹಿಡಿಯುತ್ತಾರೆ. ಕಿಸೆ ಕಾಯುವ ಕೈ ಅದೇ ಅಲ್ವಾ? ಆ ಎರಡು ಸೆಕೆಂಡು ಕಾವಲಿಲ್ಲ.

ಜೈಲಿನಲ್ಲೂ ಕೆಲವರನ್ನು ಮಾತಾಡಿಸಿದೆ. ಉಪಯೋಗವಾಯಿತು, ಆದರೆ ಅವರು ಸಿಕ್ಕಿಬಿದ್ದವರು. ಚೆನ್ನಾಗಿ ಕದಿಯುವವರು ನನ್ನ ಮುಂದೆ ಬಂದು ಕೂರುವುದಿಲ್ಲ.

ಈಗ ಸರಗಳ್ಳತನದ ಲೆಕ್ಕ ನೋಡುತ್ತಿದ್ದೇನೆ. ಅಲ್ಲೂ ಇಂಥದ್ದೇ ತೊಡಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದಕ್ಕೆ ಬೇರೆಯೇ ಕಲಂ ಇದೆ, 304. ಮೊದಲು ಅದು ಕಳವು ಇಲ್ಲವೇ ಸುಲಿಗೆಯೊಳಗೆ ಸೇರುತ್ತಿತ್ತು. ಹಾಗಾಗಿ ಹಳೆಯ ಎಫ್‌ಐಆರ್‌ಗಳನ್ನು ಒಂದೊಂದಾಗಿ ಓದಿ, ಸರ ಕಿತ್ತದ್ದನ್ನು ಬೇರೆ ಮಾಡುತ್ತಿದ್ದೇನೆ. ಮರಾಠಿ ಕೈಬರಹ, ದಿನಕ್ಕೆ ಮೂವತ್ತು ಮುಗಿದರೆ ಹೆಚ್ಚು.