ಗೂಡಿನ ಬಾಗಿಲು ತೆಗೆದ ಮೇಲೆ: ಎಳೆ ನಾಯಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಡುವುದು ಹೇಗೆ?

ನಿಮ್ಮ ನಾಯಿಗೆ ಒಂದು ವರ್ಷದ ಆಸುಪಾಸು ಎಂದುಕೊಳ್ಳಿ. ಇಷ್ಟು ದಿನ ನೀವು ಹೊರಗೆ ಹೋದಾಗ ಗೂಡಿನಲ್ಲಿ ಮಲಗಿರುತ್ತಿತ್ತು. ಈಗ ಗೂಡು ಸಾಲುತ್ತಿಲ್ಲ, ಅಥವಾ ಅದನ್ನು ಮುಚ್ಚಿ ಹೋಗಲು ನಿಮಗೇ ಮನಸ್ಸು ಬರುತ್ತಿಲ್ಲ. ಹಾಗಂತ ಒಂದು ದಿನ ಬೆಳಿಗ್ಗೆ ಇಡೀ ಮನೆಯನ್ನು ಅದಕ್ಕೆ ಬಿಟ್ಟುಕೊಟ್ಟು ಬೀಗ ಹಾಕಿ ಹೊರಡಬೇಡಿ. ನಾವು ಮಾಡಿದ ತಪ್ಪು ಅದೇ.

ನಮ್ಮದು ಶಿರಸಿ ಪೇಟೆಯಿಂದ ಸ್ವಲ್ಪ ಆಚೆ, ಪಕ್ಕದಲ್ಲೇ ತೋಟ ಇರುವ ಹಳೆ ಮನೆ. ಅಂಗಳದಲ್ಲಿ ಬಿಟ್ಟು ಹೋಗಿ, ನಾಯಿ ಅಲ್ವಾ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎದುರಿನ ರಸ್ತೆಯಲ್ಲಿ ಗಾಡಿಗಳ ಓಡಾಟ ಜಾಸ್ತಿ, ಚಿರತೆಯ ಭಯವೂ ಇದೆ. ಆಗ ನಮ್ಮ ನಾಯಿ ಚುಕ್ಕಿಗೆ 10 ತಿಂಗಳು. ಆಯಿ ಯಾವಾಗಲೂ ಮನೆಯಲ್ಲೇ ಇರುತ್ತಿದ್ದರಿಂದ ಅವಳು ಪೂರ್ತಿ ಒಂಟಿಯಾಗಿ ಇದ್ದದ್ದೇ ಕಡಿಮೆ. ಆಯಿ ಕುಮಟೆಗೆ ಹೋದ ವಾರ ನಾವಿಬ್ಬರೂ ಗೂಡಿನ ಬಾಗಿಲು ತೆರೆದಿಟ್ಟು ಎರಡೂವರೆ ಗಂಟೆ ಹೊರಗೆ ಹೋಗಿದ್ದೆವು. ಬಂದು ನೋಡಿದರೆ ಹೆಬ್ಬಾಗಿಲ ಚೌಕಟ್ಟಿನ ಕೆಳಮೂಲೆ ನಾರು ನಾರಾಗಿ ಎದ್ದಿತ್ತು. ಮರದ ಪುಡಿ ಜೊಲ್ಲಿನಲ್ಲಿ ನೆನೆದು ನೆಲಕ್ಕೆ ಅಂಟಿಕೊಂಡಿತ್ತು. ಚುಕ್ಕಿಯ ಒಸಡಿನಲ್ಲಿ ಒಂದು ಸಣ್ಣ ಸಿಬರು ಸಿಕ್ಕಿಕೊಂಡಿತ್ತು, ಅದನ್ನು ತೆಗೆಯುವಾಗ ಅವಳ ಮೈ ಇನ್ನೂ ನಡುಗುತ್ತಿತ್ತು.

ಇಂಥ ಹೊತ್ತಿನಲ್ಲಿ ಸಿಟ್ಟು ಮಾಡುವ ಮೊದಲು ಏನು ಹಾಳಾಗಿದೆ, ಎಲ್ಲಿ ಹಾಳಾಗಿದೆ ನೋಡಿ. ಚಪ್ಪಲಿ, ದಿಂಬು, ಸೋಫಾದ ಮೂಲೆ ಹೀಗೆ ಅಲ್ಲಿಷ್ಟು ಇಲ್ಲಿಷ್ಟು ಕಚ್ಚಿದ್ದರೆ ಅದು ಹೆಚ್ಚಾಗಿ ಬೇಜಾರು, ಇಲ್ಲವೇ ಎಳೆ ವಯಸ್ಸಿನ ಕಚ್ಚುವ ಚಟ. ಬಾಗಿಲು, ಕಿಟಕಿ, ಚಿಲಕದ ಹತ್ತಿರವೇ ಕೆರೆದಿದ್ದರೆ, ಜೊಲ್ಲು ಸುರಿದಿದ್ದರೆ, ಯಾವತ್ತೂ ಮಾಡದ ನಾಯಿ ಒಳಗೇ ಉಚ್ಚೆ ಮಾಡಿದ್ದರೆ, ಅದು ಹೆದರಿದೆ, ನಿಮ್ಮ ಹಿಂದೆ ಬರಲು ಒದ್ದಾಡಿದೆ. ಬೇಜಾರಿಗೆ ಕೆಲಸ ಕೊಟ್ಟರೆ ಸಾಕು. ಹೆದರಿಕೆಗೆ ಸಮಯವೇ ಬೇಕು.

ಯಾವುದು ಎಂದು ಗೊತ್ತಾಗಲು ಹಳೆ ಮೊಬೈಲೊಂದನ್ನು ಕಪಾಟಿನ ಮೇಲೆ ಒರಗಿಸಿ, ವಿಡಿಯೊ ಹಾಕಿ ಹೊರಡಿ. ಒಂಟಿತನಕ್ಕೆ ಹೆದರುವ ನಾಯಿಗಳ ಗಲಾಟೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ, ಹಾಗಾಗಿ ಅಷ್ಟು ನೋಡಿದರೂ ಬಹಳ ತಿಳಿಯುತ್ತದೆ.

ಗೂಡನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ. ಅದು ನಾಯಿಗೆ ಪರಿಚಯದ ಜಾಗ. ಬಾಗಿಲು ತೆರೆದಿಟ್ಟು, ಒಳಗೆ ಅದೇ ಹಳೆ ಕಂಬಳಿ ಹಾಕಿ, ಗೂಡು ಇರುವ ಕೋಣೆಯನ್ನೇ ಮೊದಲು ಬಿಟ್ಟುಕೊಡಿ. ಒಂದೇ ಕೋಣೆ. ನಮ್ಮಲ್ಲಿ ಜಗಲಿಯ ಪಕ್ಕದ ಕೋಣೆಗೆ ಮೊಣಕಾಲೆತ್ತರದ ಹಲಗೆ ಅಡ್ಡ ಇಟ್ಟೆವು, ಚುಕ್ಕಿ ಒಂದೇ ನೆಗೆತಕ್ಕೆ ದಾಟಿದಳು. ಆಮೇಲೆ ಬಡಗಿಯಿಂದ ಎದೆಯೆತ್ತರದ ಗೇಟು ಮಾಡಿಸಿದೆವು. ಬಾಗಿಲು ಪೂರ್ತಿ ಮುಚ್ಚುವುದಕ್ಕಿಂತ ಆಚೆ ಕಾಣುವ ಗೇಟು ಒಳ್ಳೆಯದು ಅಂತ ನನ್ನ ಅನುಭವ.

ಬಿಡುವ ಮೊದಲು ಆ ಕೋಣೆಯಲ್ಲಿ ನೆಲದ ಮೇಲೆ ಕೂತು ನಾಯಿಯ ಎತ್ತರದಿಂದ ಒಮ್ಮೆ ಸುತ್ತ ನೋಡಿ. ನಿಂತಾಗ ಕಾಣದ ಚಾರ್ಜರ್ ವೈರು, ಮಂಚದಡಿಯ ಇಲಿ ಪಾಷಾಣ, ಕಪಾಟಿನಿಂದ ಬಿದ್ದ ಡಾಂಬರು ಗುಳಿಗೆ ಎಲ್ಲ ಆಗ ಕಾಣುತ್ತವೆ. ಸೊಳ್ಳೆ ಲಿಕ್ವಿಡ್ ಮೇಲಿನ ಪ್ಲಗ್ಗಿಗೆ ಹೋಗಲಿ. ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಸಕ್ಕರೆ ಹಾಕದ ಚೂಯಿಂಗ್ ಗಮ್ ಇವೆಲ್ಲ ನಾಯಿಗೆ ವಿಷ ಎಂದು ಈಗ ತುಂಬಾ ಜನರಿಗೆ ಗೊತ್ತಿದೆ. ನಮ್ಮ ಕಡೆ ಮನೆಗಳಲ್ಲಿ ಅದಕ್ಕಿಂತ ಹತ್ತಿರದ ಅಪಾಯ ಬೇರೆಯೇ ಇದೆ. ಕವಳದ ಹರಿವಾಣ, ಅಂದರೆ ಎಲೆ ಅಡಿಕೆಯ ತಟ್ಟೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶ ಇದೆ. ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳ ಹೊರಹಾಕಲು ಅದನ್ನೇ ಔಷಧಿಯಾಗಿ ಕೊಡುತ್ತಿದ್ದರು ಎಂದರೆ ಅದು ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಎಂದು ಯೋಚಿಸಿ. ಜಾಸ್ತಿ ತಿಂದರೆ ವಾಂತಿ, ಭೇದಿ, ಜೊಲ್ಲು, ಆಮೇಲೆ ನಡುಕ. ಹರಿವಾಣದಲ್ಲಿ ತಂಬಾಕು, ಸುಣ್ಣ ಕೂಡ ಇರುತ್ತವೆ, ಎರಡೂ ಕೆಟ್ಟವೇ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ತಂದ ಮೈಲುತುತ್ತದ ಚೀಲ, ಔಷಧಿ ಕಲಸಿದ ಬಕೆಟ್ಟು ಮೂಲೆಯಲ್ಲಿ ಇರುತ್ತವಲ್ಲ, ಅವು ಬೀಗ ಹಾಕಿದ ಕೋಣೆಯಲ್ಲೇ ಇರಬೇಕು. ನಾಯಿ ಇಂಥದ್ದೇನಾದರೂ ತಿಂದಿದೆ ಅನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ.

ಇನ್ನು ಹೊರಡುವ ಅಭ್ಯಾಸ. ನಾಯಿಗೆ ನೀವು ಹೋಗುವುದು ಬಾಗಿಲು ಮುಚ್ಚಿದಾಗ ಗೊತ್ತಾಗುವುದಲ್ಲ, ಹೆಲ್ಮೆಟ್ ಕೈಗೆ ತೆಗೆದುಕೊಂಡಾಗಲೇ ಗೊತ್ತಾಗುತ್ತದೆ. ಚುಕ್ಕಿಗೆ ಸ್ಕೂಟರ್ ಕೀಲಿಯ ಸದ್ದು ಸಾಕಿತ್ತು, ಕಿವಿ ಹಿಂದಕ್ಕೆ ಹೋಗಿ ಕೊರಳು ಉದ್ದವಾಗುತ್ತಿತ್ತು. ಅದಕ್ಕೆ ಒಂದು ವಾರ ಕೀಲಿ ತೆಗೆದುಕೊಂಡು ಅಡಿಗೆಮನೆಗೆ ಹೋದೆವು, ಹೆಲ್ಮೆಟ್ ಹಾಕಿಕೊಂಡು ಚಾ ಕುಡಿದೆವು, ಬ್ಯಾಗು ಹೆಗಲಿಗೇರಿಸಿ ಮತ್ತೆ ಇಳಿಸಿದೆವು, ದಿನಕ್ಕೆ ಏಳೆಂಟು ಸಲ, ಅವಳು ತಲೆ ಎತ್ತಿ ನೋಡುವುದನ್ನೇ ಬಿಡುವವರೆಗೆ. ಆಮೇಲೆ ನಿಜವಾಗಿ ಹೊರಗೆ ಹೋಗಿದ್ದು 1 ನಿಮಿಷ. ಬಂದೆವು. 3 ನಿಮಿಷ. ಮತ್ತೆ 1. ಆಮೇಲೆ 5. ಪ್ರತಿಸಲ ಜಾಸ್ತಿ ಮಾಡುತ್ತಾ ಹೋದರೆ ನಾಯಿಗೆ ಮುಂದಿನದು ಇನ್ನೂ ಕಷ್ಟ ಎಂದೇ ಅನಿಸುತ್ತದೆ, ಅದಕ್ಕೆ ನಡುವೆ ಸುಲಭದ್ದು ಬರಬೇಕು. ಹೋಗುವಾಗ ಅಪ್ಪಿ ಮುದ್ದಾಡಿ ಬೀಳ್ಕೊಡುವುದು ಬೇಡ, ಬಂದಾಗಲೂ ಒಂದೆರಡು ನಿಮಿಷ ಸುಮ್ನೆ ಇದ್ದು ಅದು ಶಾಂತವಾದ ಮೇಲೆ ಮಾತಾಡಿಸಿ.

ಮೂರನೇ ವಾರದ ಒಂದು ವಿಡಿಯೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಸ್ಕೂಟರ್ ಸದ್ದು ಇಳಿಜಾರು ದಾಟುವವರೆಗೆ ಚುಕ್ಕಿ ಗೇಟಿನ ಹತ್ತಿರ ನಿಂತೇ ಇರುತ್ತಾಳೆ. ಒಮ್ಮೆ ಕುಂಯ್ ಎನ್ನುತ್ತಾಳೆ. ತಿರುಗಿ ಬಂದು ಬಟ್ಟಲು ನೆಕ್ಕುತ್ತಾಳೆ, ಮತ್ತೆ ಗೇಟಿಗೆ ಹೋಗುತ್ತಾಳೆ. 12ನೇ ನಿಮಿಷಕ್ಕೆ ಕಂಬಳಿಯ ಮೇಲೆ ಮೂರು ಸುತ್ತು ತಿರುಗಿ, ಉಸ್ಸೆಂದು ಬಿದ್ದುಕೊಳ್ಳುತ್ತಾಳೆ. ಅದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬಂತು. 30–40 ನಿಮಿಷ ಹೀಗೆ ನೆಮ್ಮದಿಯಿಂದ ಕಳೆದ ನಾಯಿಗೆ ಅಲ್ಲಿಂದ ಮುಂದೆ ಒಂದು ಗಂಟೆ, ಎರಡು ಗಂಟೆ ಅಷ್ಟು ಕಷ್ಟ ಆಗುವುದಿಲ್ಲ.

ಹೊರಡುವ ಮುಂಚೆ ಚೆನ್ನಾಗಿ ತಿರುಗಾಡಿಸಿ. ಬರೀ ಓಡಿಸುವುದಲ್ಲ, ಬೇಲಿ ಬುಡ, ಗೊಬ್ಬರದ ಗುಂಡಿ ಎಲ್ಲ ಸಾವಕಾಶ ಮೂಸಲು ಬಿಡಿ, ಮೂಸಿ ದಣಿದ ನಾಯಿ ಬೇಗ ಮಲಗುತ್ತದೆ. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನವನ್ನು ಟೊಳ್ಳು ರಬ್ಬರ್ ಆಟಿಕೆಗೆ ತುಂಬಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ನೆಕ್ಕಿ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆ. ಬಂದಾಗ ಅದು ಮುಟ್ಟದೆ ಹಾಗೇ ಇದ್ದರೆ ನಾಯಿಗೆ ಹಸಿವಿಲ್ಲ ಎಂದುಕೊಳ್ಳಬೇಡಿ. ಹೆದರಿದ ನಾಯಿ ತಿನ್ನುವುದಿಲ್ಲ. ಸಮಯ ಕಡಿಮೆ ಮಾಡಿ, ಎರಡು ಹೆಜ್ಜೆ ಹಿಂದೆ ಬನ್ನಿ.

ಈ ವಯಸ್ಸಿನ ನಾಯಿಯನ್ನು ಒಂದೇ ಸಮ 4–5 ಗಂಟೆಗಿಂತ ಜಾಸ್ತಿ ಒಂಟಿಯಾಗಿ ಬಿಡಬೇಡಿ, ನಡುವೆ ಯಾರಾದರೂ ಬಂದು ಹೊರಗೆ ಕರೆದೊಯ್ಯಲಿ. ನಮಗೆ ಪಕ್ಕದ ಮನೆಯ ಅಕ್ಕ ಬರುತ್ತಾರೆ. ಬಂದಾಗ ಏನಾದರೂ ಹಾಳಾಗಿದ್ದರೆ ಬೈದು ಪ್ರಯೋಜನ ಇಲ್ಲ. ಯಾವಾಗಲೋ ಮಾಡಿದ್ದಕ್ಕೆ ಈಗ ಬೈದರೆ ನೀವು ಮನೆಗೆ ಬರುವುದಕ್ಕೇ ಅದು ಹೆದರುತ್ತದೆ, ಅಷ್ಟೇ. ತಪ್ಪು ಮಾಡಿದಂತೆ ಮುಖ ಮಾಡುವುದು ನಿಮ್ಮ ದನಿ ಕೇಳಿ.

ಕಾಲವನ್ನೂ ನೋಡಿಕೊಳ್ಳಿ. ದೀಪಾವಳಿಯ ಪಟಾಕಿ ಮುಗಿದ ಮೇಲಿನ ಚಳಿಗಾಲ ಶುರು ಮಾಡಲು ಒಳ್ಳೆಯದು. ಏಪ್ರಿಲ್–ಮೇ ಸಂಜೆಗಳಲ್ಲಿ ಗುಡುಗು ಬರುತ್ತದೆ, ಕರೆಂಟು ಹೋಗುತ್ತದೆ. ಜೂನ್ ಬಂತೆಂದರೆ ತಿರುಗಾಟವೇ ಇಲ್ಲ. ಒಮ್ಮೆ ಗುಡುಗಿಗೆ ಒಂಟಿಯಾಗಿ ಹೆದರಿತೆಂದರೆ ವಾರಗಳ ಕೆಲಸ ನೀರಿಗೆ ಹೋಗಬಹುದು.

ಒಂದು ಕೋಣೆಯಲ್ಲಿ ಎರಡು ಮೂರು ವಾರ ಏನೂ ತೊಂದರೆ ಆಗದಿದ್ದರೆ ಇನ್ನೊಂದು ಕೋಣೆ ತೆರೆಯಿರಿ, ಆದರೆ ಜಾಗ ದೊಡ್ಡದು ಮಾಡಿದ ದಿನ ಸಮಯ ಚಿಕ್ಕದು ಮಾಡಿ. ಇಷ್ಟೆಲ್ಲ ಮಾಡಿಯೂ ಬಿಡದೆ ಊಳಿಡುತ್ತಿದ್ದರೆ, ಉಗುರು ಹಲ್ಲು ಗಾಯ ಮಾಡಿಕೊಳ್ಳುತ್ತಿದ್ದರೆ ಮತ್ತೆ ಗೂಡಿಗೆ ಹಾಕಿ ಬೀಗ ಜಡಿಯಬೇಡಿ. ಗಾಬರಿಯಲ್ಲಿ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುವ ನಾಯಿಗಳಿವೆ. ಒಂಟಿಯಾಗಿ ಬಿಡುವುದನ್ನೇ ಸ್ವಲ್ಪ ದಿನ ನಿಲ್ಲಿಸಿ, ಆ ವಿಡಿಯೊ ತೆಗೆದುಕೊಂಡು ಪಶುವೈದ್ಯರನ್ನು ಕಾಣಿ, ಇದಕ್ಕೆ ಔಷಧಿಯೂ ಇದೆ.

ನಮಗೆ ಜಗಲಿ ಮತ್ತು ಎರಡು ಕೋಣೆ ಬಿಡುವಷ್ಟರ ಹೊತ್ತಿಗೆ ನಾಲ್ಕು ತಿಂಗಳಾಯಿತು. ಅಡಿಗೆಮನೆಯ ಬಾಗಿಲು ಈಗಲೂ ಮುಚ್ಚಿಯೇ ಹೋಗುತ್ತೇವೆ. ಗೂಡಿನ ಬಾಗಿಲು ಕಳಚಿಟ್ಟಿದ್ದೇವೆ. ಇಡೀ ಜಗಲಿ ಖಾಲಿ ಇದ್ದರೂ ಚುಕ್ಕಿ ಮಧ್ಯಾಹ್ನ ಅದರೊಳಗೇ ಹೋಗಿ ಮಲಗುತ್ತಾಳೆ.