ಕಸ್ಟರ್ಡ್ ಸ್ಲೈಸ್: ಕುದಿಸಲು ಹೆದರಬೇಡಿ

ಕಳೆದ ಓಣಂ ರಜೆಯಲ್ಲಿ ಬದಿಯಡ್ಕದ ನೆಂಟರ ಮನೆಯಲ್ಲಿ ಕಸ್ಟರ್ಡ್ ಸ್ಲೈಸ್ ಮಾಡಿದ್ದರು. ಮೇಲೆ ಕೆಳಗೆ ಗರಿಗರಿ ಹಾಳೆ, ನಡುವೆ ಹಳದಿ ಕಸ್ಟರ್ಡ್. ನೋಟಕ್ಕೆ ಏನೂ ಕೊರತೆಯಿರಲಿಲ್ಲ. ಚೂರಿ ಇಟ್ಟದ್ದೇ ತಡ, ಕಸ್ಟರ್ಡ್ ನಾಲ್ಕೂ ಕಡೆ ಹರಿಯಿತು. ಮಾಡಿದ ಹುಡುಗಿಯ ಮುಖ ಬಾಡಿಹೋಯಿತು. ಅದಕ್ಕೆ ಮೊದಲು ಕುಂಬಳೆಯ ಮನೆಯೊಂದರಲ್ಲೂ ಹೀಗೆಯೇ ಆಗಿತ್ತು. ಇಬ್ಬರದೂ ಒಂದೇ ತಪ್ಪು: ಮೊಟ್ಟೆ ಒಡೆದೀತೆಂಬ ಭಯದಲ್ಲಿ ಕಸ್ಟರ್ಡನ್ನು ಬೇಗ ಇಳಿಸಿದ್ದರು.

20 ಸೆಂ.ಮೀ. ಚೌಕದ ತಟ್ಟೆಗೆ ಬೇಕಾದದ್ದು: ಪಫ್ ಪೇಸ್ಟ್ರಿ ಹಾಳೆ 2, ಹಾಲು 750 ಮಿ.ಲೀ., ಮೊಟ್ಟೆಯ ಹಳದಿ 6, ಸಕ್ಕರೆ 150 ಗ್ರಾಂ, ಕಾರ್ನ್‌ಫ್ಲೋರ್ 75 ಗ್ರಾಂ, ಉಪ್ಪಿಲ್ಲದ ಬೆಣ್ಣೆ 50 ಗ್ರಾಂ, ವೆನಿಲಾ ಎಸೆನ್ಸ್ 2 ಸಣ್ಣ ಚಮಚ. ಕಾರ್ನ್‌ಫ್ಲೋರ್ ಎಂದರೆ ಬಿಳಿಯ ನುಣುಪಾದ ಪುಡಿ, ಹಳದಿ ಜೋಳದ ಹಿಟ್ಟಲ್ಲ.

ಕಸ್ಟರ್ಡ್ ಪೌಡರ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲವೆಂದು ಕಾರ್ನ್‌ಫ್ಲೋರಿನಿಂದ ಮಾಡಿದ ಪುಡಿ ಅದು. ಮೊಟ್ಟೆ ತಿನ್ನದ ಮನೆಗಳಿಗೆ, ಫ್ರೂಟ್ ಸಲಾಡಿಗೆ ಒಳ್ಳೆಯದೇ. ಆದರೆ ಈ ತಿಂಡಿಯ ರುಚಿ ನಿಂತಿರುವುದೇ ಹಳದಿಯ ಮೇಲೆ.

ಹಾಳೆಯನ್ನು ಮನೆಯಲ್ಲೇ ಲಟ್ಟಿಸಲು ಹೋಗಬೇಡಿ. ನಮ್ಮ ಸೆಕೆಗೆ ಬೆಣ್ಣೆ ಕೈಯಲ್ಲೇ ಕರಗುತ್ತದೆ. ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ವನಸ್ಪತಿಯ ಹಾಳೆ ಚೆನ್ನಾಗಿಯೇ ಉಬ್ಬುತ್ತದೆ, ಆದರೆ ತಿಂದ ಮೇಲೆ ಅಂಗುಳಿಗೆ ಮೇಣದಂತೆ ಅಂಟುತ್ತದೆ. ಬೆಣ್ಣೆಯದು ಸಿಗುವವರೆಗೆ ಕಾಯಿರಿ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಮರುದಿನ ಫೋರ್ಕಿನಿಂದ ಎಲ್ಲೆಡೆ ಚುಚ್ಚಿ, ಮೇಲೊಂದು ತಟ್ಟೆ ಹೇರಿ, ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿ. ತಟ್ಟೆ ತೆಗೆದು ಜೇನಿನ ಬಣ್ಣ ಬರುವವರೆಗೆ ಇನ್ನಷ್ಟು ಹೊತ್ತು ಬಿಡಿ. ಬಿಳಿಚಿಕೊಂಡ ಹಾಳೆ ಗಂಟೆಯೊಳಗೆ ಮೆತ್ತಗಾಗುತ್ತದೆ. ಆರಿದ ಮೇಲೆ ಅಳತೆಗೆ ಕತ್ತರಿಸಿ.

ಈಗ ಕಸ್ಟರ್ಡ್. ಹಳದಿ, ಸಕ್ಕರೆ, ಕಾರ್ನ್‌ಫ್ಲೋರನ್ನು ಸ್ವಲ್ಪ ಹಾಲಿನೊಂದಿಗೆ ಗಂಟಿಲ್ಲದಂತೆ ಕಲಸಿ. ಉಳಿದ ಹಾಲು ಹಬೆಯಾಡುವಾಗ ಅದನ್ನು ಸ್ವಲ್ಪಸ್ವಲ್ಪವೇ ಮೊಟ್ಟೆಗೆ ಹೊಯ್ಯುತ್ತಾ ಕದಡಿ, ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಸುರಿದು ನಡು ಉರಿಯಲ್ಲಿಡಿ. ಹಾಲುಬಾಯಿ ಮಗುಚಿದ ಕೈಗೆ ಮುಂದಿನದು ಗೊತ್ತೇ ಇದೆ: ತಳ ಮೂಲೆ ಬಿಡದೆ ಮಗುಚುತ್ತಿರಬೇಕು. ನಾಲ್ಕೈದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ತಳದಲ್ಲಿ ಗಂಟು ಕಟ್ಟಿದಂತೆ ಕಾಣುತ್ತದೆ. ಹೆಚ್ಚಿನವರು ಗಾಬರಿಯಾಗಿ ಒಲೆ ಆರಿಸುವುದು ಇಲ್ಲಿಯೇ. ಆರಿಸಬೇಡಿ. ಕೈ ಚುರುಕು ಮಾಡಿ ಕದಡಿ, ಗಂಟು ಕರಗುತ್ತದೆ. ಬರಿಯ ಮೊಟ್ಟೆ ಹಾಲಾಗಿದ್ದರೆ ಇಷ್ಟು ಬಿಸಿಗೆ ಒಡೆಯುತ್ತಿತ್ತು. ಕಾರ್ನ್‌ಫ್ಲೋರ್ ಇರುವಾಗ ಒಡೆಯುವುದಿಲ್ಲ. ನಡುವಿನಲ್ಲಿ ದಪ್ಪ ಗುಳ್ಳೆ ಎದ್ದು ‘ಬುಳುಕ್’ ಎಂದು ಒಡೆದ ಮೇಲೆ ಗಡಿಯಾರ ನೋಡಿ ಇನ್ನೂ ಎರಡು ನಿಮಿಷ ಕುದಿಸಿ. ಹಸಿ ಹಳದಿಯಲ್ಲಿ ಪಿಷ್ಟವನ್ನು ಮುರಿಯುವ ಅಮೈಲೇಸ್ ಎಂಬ ಕಿಣ್ವವಿದೆ. ಕುದಿಯಲ್ಲಿ ಅದು ಸಾಯದಿದ್ದರೆ, ರಾತ್ರಿ ಗಟ್ಟಿಯಿದ್ದ ಕಸ್ಟರ್ಡ್ ಬೆಳಿಗ್ಗೆ ನೀರಾಗುತ್ತದೆ. ಬದಿಯಡ್ಕದಲ್ಲಿ ಹರಿದದ್ದು ಅದೇ.

ಇಳಿಸಿ, ಬೆಣ್ಣೆ, ವೆನಿಲಾ ಸೇರಿಸಿ. ತಟ್ಟೆಗೆ ಅಂಚು ಮೀರುವಂತೆ ಬಟರ್ ಪೇಪರ್ ಹಾಸಿ, ಒಂದು ಹಾಳೆಯಿಟ್ಟು, ಬಿಸಿಯಾಗಿರುವಾಗಲೇ ಸುರಿಯಿರಿ. ಕೆನೆ ಕಟ್ಟದಂತೆ ಮೇಲೊಂದು ಬಟರ್ ಪೇಪರನ್ನು ಕಸ್ಟರ್ಡಿಗೆ ತಾಗಿಸಿಯೇ ಮುಚ್ಚಿ. ಬಿಸಿ ಆರಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿರಲಿ. ಫ್ರೀಜರಿನಲ್ಲಿಟ್ಟು ಬೇಗ ಮುಗಿಸುವ ಉಪಾಯ ಬೇಡ, ಕರಗುವಾಗ ಕಸ್ಟರ್ಡ್ ನೀರು ಬಿಡುತ್ತದೆ.

ಮೇಲಿನ ಹಾಳೆಯನ್ನು ಮೊದಲೇ ಒಂಬತ್ತು ತುಂಡು ಮಾಡಿಟ್ಟುಕೊಳ್ಳಿ. ಇಡೀ ಹಾಳೆ ಹೊದಿಸಿ ಒತ್ತಿ ಕೊಯ್ದರೆ ಕಸ್ಟರ್ಡ್ ಬದಿಯಿಂದ ಹೊರಗೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಇದರ ಮೇಲೆ ಪ್ಯಾಷನ್ ಫ್ರೂಟಿನ ಐಸಿಂಗ್ ಬಳಿಯುವ ರೂಢಿಯಿದೆ. ಹಿತ್ತಿಲಲ್ಲಿ ಆ ಬಳ್ಳಿಯಿದ್ದವರು ಒಂದು ಹಣ್ಣಿನ ತಿರುಳಿಗೆ ಹಿಡಿಯುವಷ್ಟು ಐಸಿಂಗ್ ಸಕ್ಕರೆ ಕಲಸಿ ತುಂಡುಗಳಿಗೆ ಬಳಿಯಿರಿ. ಅದರ ಹುಳಿ ಈ ಸಿಹಿಗೆ ಬೇಕೇ ಬೇಕು. ಬಡಿಸುವ ಹೊತ್ತಿಗೆ ಕಸ್ಟರ್ಡನ್ನು ಪೇಪರ್ ಸಮೇತ ಎತ್ತಿ, ತುಂಡುಗಳನ್ನು ಜೋಡಿಸಿ, ಹಲ್ಲಿನ ಚೂರಿಯಿಂದ ಅವುಗಳ ನಡುವೆ ಕೊಯ್ಯಿರಿ. ಮಳೆಗಾಲದಲ್ಲಿ ಅದೇ ದಿನ ಮುಗಿಸಬೇಕು, ಮರುದಿನಕ್ಕೆ ಹಾಳೆಯ ಗರಿ ಉಳಿಯುವುದಿಲ್ಲ.